ಸಾವ್ಕಾರನ ಪಥ್ಯ

ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಇರುವವರ ಮಗಳು ಒಂದು ಬೆಕ್ಕು ಸಾಕಿದ್ದಾಳೆ. ಅದಕ್ಕೆ ಅವಳ ಮನೆಯಲ್ಲಿ ಪೊಟ್ಟಣದ ಊಟ. ಆದರೂ ಮುಂಜಾನೆ ನನ್ನ ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಎಂದ ಕೂಡಲೇ ಮೆಟ್ಟಿಲಿಳಿದು ಬಂದು, ಹೊಸ್ತಿಲ ಮೇಲೆ ಬಾಲ ಸುತ್ತಿಕೊಂಡು ಕೂತುಬಿಡುತ್ತದೆ. ಹೋದ ವಾರ ನಾನು ಸೂಸಲಾ ತಿನ್ನುತ್ತಿದ್ದೆ. ಗೊತ್ತಲ್ಲ, ಚುರಮುರಿ ನೆನೆಸಿ ಹಿಂಡಿ, ಧಾರಾಳವಾಗಿ ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟದ್ದು. ಬೆಕ್ಕು ನನ್ನನ್ನೇ ನೋಡುತ್ತಿತ್ತು. ಹುಡುಗಿ ಸಾಲಿ ಚೀಲ ಹೆಗಲಿಗೇರಿಸಿಕೊಂಡು ದಡದಡ ಇಳಿದು ಬಂದಳು.

"ಅಜ್ಜಿ, ಅದಕ್ಕ ಸೂಸಲಾ ಹಾಕಬ್ಯಾಡ್ರಿ. ಅದರಾಗ ಉಳ್ಳಾಗಡ್ಡಿ ಇರತೈತಿ. ಬೆಕ್ಕಿಗೆ ಅದು ವಿಷ."

ಈ ಮುದುಕಿ ನಂಬುತ್ತಾಳೋ ಇಲ್ಲವೋ ಎಂಬ ಅನುಮಾನ ಅವಳ ಮುಖದ ಮೇಲಿತ್ತು.

"ಗೊತ್ತೈತಿ ತಂಗಿ. ಬಳ್ಳೊಳ್ಳಿನೂ ಆಗಂಗಿಲ್ಲ, ಚಹಾನೂ ಆಗಂಗಿಲ್ಲ, ಒಣದ್ರಾಕ್ಷಿನೂ ಆಗಂಗಿಲ್ಲ," ಎಂದೆ.

"ನೀವೂ ಮೊಬೈಲ್‌ನಾಗ ಓದೀರೇನ್ರಿ?"

"ಇಲ್ಲವಾ, ನಮ್ಮ ಸ್ವಾದರತ್ತಿದು ಒಂದು ಬೆಕ್ಕಿತ್ತು," ಎಂದು ಶುರು ಮಾಡುವಷ್ಟರಲ್ಲಿ ಸಾಲಿ ಬಸ್ಸಿನ ಹಾರ್ನ್ ಕೇಳಿತು. ಹುಡುಗಿ ಓಡಿದಳು. ಕತೆ ನನ್ನ ಬಾಯಲ್ಲೇ ಉಳಿಯಿತು. ಬಾಯಿಗೆ ಬಂದ ಕತೆಯನ್ನು ನುಂಗಿಕೊಳ್ಳುವ ಅಭ್ಯಾಸ ನನಗಿಲ್ಲ. ಹಾಗಾಗಿ ನಿಮ್ಮನ್ನು ಹಿಡಿದು ಕೂಡಿಸಿಕೊಂಡಿದ್ದೇನೆ.

ಉಳ್ಳಾಗಡ್ಡಿಯನ್ನು ವಿಷ ಎಂದರೆ ನಮ್ಮ ಸೀಮೆಯವರು ಮೊದಲು ನಕ್ಕಾರು, ಆಮೇಲೆ ಜಗಳಕ್ಕೆ ಬಂದಾರು. ನಾವು ಅದನ್ನು ತಿಂದೇ ಬೆಳೆದವರು. ಇಳಕಲ್ಲಿನ ನಮ್ಮ ಮನೆಯಲ್ಲಿ ಅಪ್ಪ ಊಟಕ್ಕೆ ಕೂತರೆ ಮೊದಲು ತಾಟಿನ ಬದಿಯ ಕಲ್ಲಿನ ಮೇಲೆ ಒಂದು ಗಡ್ಡೆ ಇಟ್ಟು ಮುಷ್ಟಿಯಿಂದ ಗುದ್ದುತ್ತಿದ್ದ. ಗುದ್ದಿದರೆ ನಟ್ಟನಡುವಿನ ಬಿಳಿ ಸುಳಿ ಪುಟಕ್ಕನೆ ಹೊರಗೆ ಜಿಗಿಯುತ್ತಿತ್ತು. ಆ ಸುಳಿ ನನ್ನದು. ಖಾರವಿಲ್ಲದೆ ಸಿಹಿಯಾಗಿ ಇರುತ್ತಿತ್ತು. ಬೇಸಿಗೆಯಲ್ಲಿ ಹೊರಗೆ ಹೋಗುವಾಗ ಝಳ ಬಡಿಯಬಾರದೆಂದು ಜೇಬಿನಲ್ಲಿ ಒಂದು ಗಡ್ಡೆ. ತಲೆ ಸುತ್ತಿದರೆ ಅದನ್ನೇ ಜಜ್ಜಿ ಮೂಸುವುದು. ಮಕ್ಕಳಿಗೆ ಹೊಟ್ಟೆ ಉರಿ ಎಂದರೆ ಅದರ ರಸಕ್ಕೆ ಬೆಲ್ಲ ಸೇರಿಸಿ ಕುಡಿಸುವುದು. ನಮಗೆ ಅದು ಅರ್ಧ ಊಟ, ಅರ್ಧ ದವಾಖಾನಿ.

ಅಪ್ಪ ಸೀರೆ ನೇಯುತ್ತಿದ್ದ. ಬೀದಿ ಕಡೆಯ ಕೋಣೆಯಲ್ಲಿ ತಗ್ಗಿನ ಮಗ್ಗ. ನೆಲದಲ್ಲಿ ತೋಡಿದ ತಗ್ಗಿನೊಳಗೆ ಕಾಲು ಇಳಿಬಿಟ್ಟು ಅಪ್ಪ ಕೂತನೆಂದರೆ ಸೊಂಟದ ಮೇಲಿನ ಅಪ್ಪ ಮಾತ್ರ ನಮಗೆ ಕಾಣುತ್ತಿದ್ದ. ಒಳಗಿನ ಪಡಸಾಲೆಯಲ್ಲಿ ಅವ್ವ ರಾಟಿ ತಿರುಗಿಸುತ್ತಾ ನೂಲು ಸುತ್ತುತ್ತಿದ್ದಳು. ನಾನು ಕನ್ನಡ ಸಾಲಿಗೆ ಹೋಗುತ್ತಿದ್ದೆ, ಉಳಿದ ಹೊತ್ತು ತಿನ್ನುತ್ತಿದ್ದೆ. ನನ್ನ ಬಾಲ್ಯದ ನೆನಪುಗಳಲ್ಲಿ ಮುಕ್ಕಾಲು ಪಾಲಿಗೆ ಯಾವುದೋ ಒಂದು ತಿನಿಸಿನ ವಾಸನೆ ಇರುವುದು ಅದಕ್ಕೇ.

ಒಂದು ಮಧ್ಯಾಹ್ನ ಅತ್ತೆ ಬಂದಳು. ಗಂಗತ್ತೆ, ಅಪ್ಪನ ತಂಗಿ. ಅವಳನ್ನು ಕೆರೂರಿಗೆ ಕೊಟ್ಟಿದ್ದರು. ಒಂದು ಕೈಯಲ್ಲಿ ತಗಡಿನ ಟ್ರಂಕು, ಇನ್ನೊಂದು ಕೈಯಲ್ಲಿ ಬಾಯಿಗೆ ಅರಿವೆ ಬಿಗಿದ ಬುಟ್ಟಿ. ಯಾರೂ ಕರೆಯಲು ಹೋಗಿರಲಿಲ್ಲ, ಹಬ್ಬವೂ ಇರಲಿಲ್ಲ. ಅವ್ವ ರಾಟಿ ನಿಲ್ಲಿಸಿದಳು. ಏನು ಕೇಳಬೇಕೆಂದು ತಿಳಿಯದೆ ಬುಟ್ಟಿಯ ಬಗ್ಗೆ ಕೇಳಿದಳು.

"ಬುಟ್ಟ್ಯಾಗ ಏನೈತಿ ಗಂಗವ್ವಾ?"

"ಬೆಕ್ಕು, ವೈನಿ. ಆ ಮನ್ಯಾಗಿಂದ ನಾ ಹೊರಡೂಮುಂದ ಬಾಗಲತನಕಾ ಬಂದದ್ದು ಇದೊಂದ."

ಅಪ್ಪ ಮಗ್ಗದ ತಗ್ಗಿನಿಂದ ಮೇಲೆ ಬಂದು ಟ್ರಂಕು ಎತ್ತಿ ಒಳಗಿಟ್ಟ. ಅತ್ತೆಯ ಗಂಡ ಇನ್ನೊಂದು ಮದುವೆ ಮಾಡಿಕೊಂಡಿದ್ದ. ಇದು ನನಗೆ ಆಗ ತಿಳಿಯಲಿಲ್ಲ. ಅತ್ತೆ ಇನ್ನು ಮೇಲೆ ಇಲ್ಲೇ ಇರುತ್ತಾಳೆ, ಜೊತೆಗೆ ಒಂದು ಬೆಕ್ಕೂ ಇರುತ್ತದೆ ಎಂದಷ್ಟೇ ತಿಳಿದು ನನಗೆ ಬಹಳ ಸಂತೋಷವಾಗಿತ್ತು.

ಬಂದ ಹೊಸತರಲ್ಲಿ ಅತ್ತೆ ಮಾತೇ ಆಡುತ್ತಿರಲಿಲ್ಲ. ಅವಳು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಬಸ್ಸಿನ ಕತೆ. ಬಾದಾಮಿಯಲ್ಲಿ ಬಸ್ಸು ಬದಲಿಸಿ ಗುಳೇದಗುಡ್ಡದ ಹತ್ತಿರ ಬರುವ ತನಕ ಬೆಕ್ಕು ಸುಮ್ಮನಿತ್ತಂತೆ. ಕಂಡಕ್ಟರ್ ಟಿಕೀಟು ಹರಿಯುತ್ತಾ ಹತ್ತಿರ ಬಂದಾಗ ಬುಟ್ಟಿ ಮಿಯಾಂವ್ ಎಂದಿತು. "ಬುಟ್ಟ್ಯಾಗ ಯಾರ್ರಿ?" ಎಂದು ಅವನು ಚೇಷ್ಟೆಗೆ ಕೇಳಿದ. ಅತ್ತೆ ಗಾಬರಿಯಲ್ಲಿ "ನಮ್ಮ ಮನಿಯವ್ರರಿ" ಎಂದುಬಿಟ್ಟಳು. ಮನೆಯದೇ ಬೆಕ್ಕು, ಬೇರೆಯವರದಲ್ಲ ಎಂದು ಹೇಳಬೇಕೆಂದಿದ್ದಳು ಪಾಪ. ಆದರೆ ನಮ್ಮಲ್ಲಿ ಹೆಂಗಸರು ಮನಿಯವ್ರು ಎಂದರೆ ಗಂಡ. ಇಡೀ ಬಸ್ಸು ನಕ್ಕಿತಂತೆ. ಇದನ್ನು ಹೇಳುತ್ತಾ ಅತ್ತೆಗೂ ನಗು ಬಂತು. ನಗುತ್ತಾ ನಗುತ್ತಾ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹಿತ್ತಲಿಗೆ ಹೋದಳು. ಅವ್ವ ನನ್ನನ್ನು ಅವಳ ಹಿಂದೆ ಹೋಗಗೊಡಲಿಲ್ಲ.

ಬೆಕ್ಕು ಕೆಂಚುಬಣ್ಣದ ಗಂಡು. ಬಂದ ವಾರದಲ್ಲೇ ಅದು ನೂಲಿನ ಗಂಟುಗಳ ಮೇಲೆ ಹೊಟ್ಟೆ ಬಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ ಕೂರುವುದನ್ನು ನೋಡಿ ಅಪ್ಪ ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟ. ನೇಕಾರರಿಗೆ ನೂಲು ಕೊಟ್ಟು ಸೀರೆ ಒಯ್ಯುವವರನ್ನು ನಮ್ಮಲ್ಲಿ ಸಾವ್ಕಾರರೆನ್ನುತ್ತಾರೆ. ಅವರು ಗಾದಿಯ ಮೇಲೆ ಕೂರುವ ಭಂಗಿಯೂ ಅದೇ. ಒಂದು ದಿನ ನಿಜವಾದ ಸಾವ್ಕಾರರು ಸೀರೆ ಎಲ್ಲಿಗೆ ಬಂತೆಂದು ನೋಡಲು ಬಂದು ಹೊರಬಾಗಿಲಲ್ಲಿ ಮೆಟ್ಟು ಬಿಡುತ್ತಿದ್ದರು. ಒಳಗಿನಿಂದ ಅತ್ತೆ ಗದರಿಸಿದಳು: "ಸಾವ್ಕಾರಾ, ಏಳಲೇ ಮ್ಯಾಲ. ಉಂಡುಂಡು ಹೊಟ್ಟಿ ಬಂದೈತಿ, ಒಂದ ಇಲಿ ಹಿಡದಿಯೇನು?" ಹೊರಗೆ ನಿಂತವರು ಒಂದು ಕಾಲಿನ ಮೆಟ್ಟು ಕಾಲಲ್ಲೇ ಉಳಿಸಿಕೊಂಡು ಅಪ್ಪನ ಮುಖ ನೋಡಿದರು. ಅಪ್ಪನಿಗೆ ಮಗ್ಗದ ತಗ್ಗು ಇನ್ನೂ ಆಳವಿದ್ದಿದ್ದರೆ ಚೆನ್ನಿತ್ತು ಅನ್ನಿಸಿರಬೇಕು.

ಅತ್ತೆ ಮತ್ತು ಸಾವ್ಕಾರ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಅವಳೊಂದು ತುತ್ತು, ಅವನಿಗೊಂದು ತುತ್ತು. ಅವ್ವ ಮೊದಮೊದಲು ಮುಖ ಸಿಂಡರಿಸಿದಳು. ಆಮೇಲೆ ಅಪ್ಪ ಒಂದು ದಿನ ಅವಳ ಹತ್ತಿರ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕೆರೂರಿನ ಮನೆಯಲ್ಲಿ ಅತ್ತೆಯ ಹೊಟ್ಟೆಯಲ್ಲಿ ನಿಂತ ಕೂಸು ಉಳಿಯಲಿಲ್ಲ. ಮುಂದಿನ ವರ್ಷ ಅವಳು ಜೋಪಾನ ಮಾಡುತ್ತಿದ್ದ ಕರು ಸತ್ತಿತು. ಆವತ್ತಿನಿಂದ ಅವಳ ಗಂಡನ ತಾಯಿ, "ಇಕಿ ಕೈಗುಣ ಸುಮಾರೈತಿ, ಇಕಿ ಕೈಯಾಗ ಯಾವ ಜೀವನೂ ಉಳಿಯಂಗಿಲ್ಲ," ಎಂದು ಓಣಿಗೆಲ್ಲ ಹೇಳಿದಳು. ದನಕ್ಕೆ ಹುಲ್ಲು ಹಾಕಗೊಡಲಿಲ್ಲ, ಬಡಿಸಗೊಡಲಿಲ್ಲ. ಎಲ್ಲರದೂ ಆದ ಮೇಲೆ ಮೂಲೆಯಲ್ಲಿ ಒಬ್ಬಳೇ ಕೂತು ಉಣ್ಣಬೇಕು. ಆಗ ಅವಳ ತಾಟಿನ ಹತ್ತಿರ ಬಂದು ಕೂರುತ್ತಿದ್ದದ್ದು ಈ ಬೆಕ್ಕು. ಅವಳ ಕೈಯಿಂದ ತಿಂದು ಸಾಯದೆ ಉಳಿದು, ಮೈ ತುಂಬಿಕೊಂಡ ಜೀವ ಅದೊಂದೇ.

ಇದನ್ನು ಕೇಳಿದ ಮೇಲೆ ಅವ್ವ ಮುಖ ಸಿಂಡರಿಸುವುದನ್ನು ಬಿಟ್ಟು, ಅತ್ತೆಯ ತಾಟಿಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕತೊಡಗಿದಳು.

ಅತ್ತೆ ಅವನಿಗೆ ಏನು ತಿನ್ನಿಸುತ್ತಿರಲಿಲ್ಲ ಎಂದು ಕೇಳಿ. ಮುಂಜಾನೆ ಬಶಿಯಲ್ಲಿ ಚಹಾ. ಮಧ್ಯಾಹ್ನ ಜುಣಕದಲ್ಲಿ ರೊಟ್ಟಿ ನುರಿದು, ಮೇಲೆ ಕೆನೆ. ನಮ್ಮ ಜುಣಕ ಎಂದರೆ ಕಡಲೆಹಿಟ್ಟಿನಷ್ಟೇ ಉಳ್ಳಾಗಡ್ಡಿ. ಅದು ಎಣ್ಣೆಯಲ್ಲಿ ಬಾಡಿ ಬೆಣ್ಣೆಯಂತಾಗಿ, ಕೆನೆ ಬೆರೆತರೆ ಬೆಕ್ಕಿಗೇನು, ದೇವರಿಗೂ ಬೇಡ ಅನ್ನಿಸಲಿಕ್ಕಿಲ್ಲ. ಅಮೀನಗಡದ ಕರದಂಟು ಯಾರಾದರೂ ತಂದರೆ ಅದರೊಳಗಿನ ಒಣದ್ರಾಕ್ಷಿ ಅವನ ಪಾಲಿಗೆ. ಆ ಬಗ್ಗೆ ನನಗೂ ಅವನಿಗೂ ತಕರಾರಿತ್ತು. ಅತ್ತೆ ಯಾವಾಗಲೂ ಅವನ ಕಡೆ.

ಹೀಗಿರುವಾಗ ಒಂದು ವರ್ಷ ರಾಮಥಾಳದಿಂದ ನಮ್ಮ ಸೋದರಮಾವ ಒಂದು ಚಕ್ಕಡಿ ಉಳ್ಳಾಗಡ್ಡಿ ತಂದು ನಮ್ಮ ಪಡಸಾಲೆಯಲ್ಲಿ ಸುರುವಿ ಹೋದ. ಗೋಡೆಗೆ ತಾಗಿ ಕೆಂಪು ಗುಡ್ಡವೇ ಆಯಿತು. ಕೆಡುವ ಮೊದಲು ತಿಂದು ಮುಗಿಸಬೇಕೆಂದು ಅವ್ವ ಎಲ್ಲದಕ್ಕೂ ಅದನ್ನೇ ಹಾಕತೊಡಗಿದಳು. ಪಲ್ಲೆ ಅದು, ಚಟ್ನಿ ಅದು, ಸಂಜೆಯ ತಿನಿಸೂ ಅದೇ. ನಾನು ಉಬ್ಬಿದೆ. ಸಾವ್ಕಾರ ಇಳಿದ.

ಮೊದಲು ಅವನು ನೂಲಿನ ಗಂಟು ಹತ್ತುವುದನ್ನು ಬಿಟ್ಟ. ಆಮೇಲೆ ಅಪ್ಪನ ಕಾಲ ಬುಡದಲ್ಲಿ, ಮಗ್ಗದ ತಗ್ಗಿನ ತಂಪಿನಲ್ಲಿ ಮಲಗಿ ಮೇಲೇಳದಾದ. ಓಡದೆಯೂ ಓಡಿ ಬಂದವನಂತೆ ಪಕ್ಕೆ ಏರಿಳಿಯುತ್ತಿತ್ತು. ಅತ್ತೆ ತುಟಿ ಎತ್ತಿ ನೋಡಿದರೆ ಗುಲಾಬಿ ಬಣ್ಣದ ವಸಡು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಹಿತ್ತಲ ಬೂದಿಯ ಮೇಲೆ ಅವನು ಮಾಡಿದ ಉಚ್ಚೆ ಚಹಾ ಚೆಲ್ಲಿದಂತಿತ್ತು.

"ಝಳ ಬಡದೈತಿ," ಎಂದಳು ಅತ್ತೆ. ಬಿಸಿಲಿಗೆ ನಮಗೆ ಗೊತ್ತಿದ್ದ ಔಷಧ ಯಾವುದು? ಗುಡ್ಡದಿಂದ ಗಡ್ಡೆ ಆರಿಸಿ, ಜಜ್ಜಿ, ಅರಿವೆಯಲ್ಲಿ ಹಿಂಡಿ, ಬೆಲ್ಲ ಬೆರೆಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಯ ಸಂದಿಯಿಂದ ಹನಿ ಹನಿಯಾಗಿ ಕುಡಿಸಿದಳು. ಮರುದಿನ ಅವನಿಗೆ ತಲೆ ಎತ್ತಲೂ ಆಗಲಿಲ್ಲ. ಅತ್ತೆ ಇನ್ನಷ್ಟು ಕುಡಿಸಿದಳು.

ಆ ದಿನ ಅವಳೂ ಉಣ್ಣಲಿಲ್ಲ. ಅಪ್ಪನ ಮುಂದೆ ಕೂತು, "ಅಣ್ಣಾ, ಅವರು ಅಂದದ್ದು ಖರೆ ಇರಬೇಕು. ನನ್ನ ಕೈನ ಹಂಗೈತಿ," ಎಂದಳು.

ಅಪ್ಪ ಅರ್ಧ ನೇಯ್ದ ಸೆರಗನ್ನು ಹಾಗೆಯೇ ಬಿಟ್ಟು ಎದ್ದ. "ಹುನಗುಂದದಾಗ ದನದ ದವಾಖಾನಿ ಐತಿ. ನಡಿ, ಹೋಗೂಣು," ಎಂದ. ಬೆಕ್ಕಿಗೆ ಯಾರಾದರೂ ಬಸ್ಸು ಹತ್ತಿ ದವಾಖಾನಿಗೆ ಹೋಗುತ್ತಾರೆಯೇ ಎಂದು ಓಣಿಯವರು ನಕ್ಕರು. ಅಪ್ಪ ಹೋಗುತ್ತಿದ್ದದ್ದು ಬೆಕ್ಕಿಗಾಗಿ ಮಾತ್ರವಲ್ಲ ಎಂಬುದು ನನಗೆ ಈಗ ತಿಳಿಯುತ್ತದೆ. ಆಗ ನಾನು ಹುನಗುಂದದ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ಆಸೆಗೆ ಅತ್ತು ಅವರ ಬೆನ್ನು ಹತ್ತಿದೆ.

ದವಾಖಾನೆಯ ಬೇವಿನ ಗಿಡದ ಕೆಳಗೆ ಎಮ್ಮೆ, ಎತ್ತು, ಕುರಿಗಳ ಸಾಲು. ನಡುವೆ ಬುಟ್ಟಿ ಹಿಡಿದ ಅತ್ತೆ. ಬುಟ್ಟಿಯೊಳಗೆ ಇಣುಕಿದವರೆಲ್ಲ ಮುಸಿಮುಸಿ ನಕ್ಕರು. ನಮ್ಮ ಮುಂದೆ ಕಂಬಳಿ ಹೊದ್ದ ಮುದುಕನೊಬ್ಬ ಕುಂಟುವ ಟಗರನ್ನು ಹಿಡಿದು ನಿಂತಿದ್ದ. ಅವನು ನಗಲಿಲ್ಲ. ಸೊಂಟದ ಚೀಲದಿಂದ ಬೀರಪ್ಪ ದೇವರ ಭಂಡಾರದ ಅರಿಸಿನ ತೆಗೆದು ಸಾವ್ಕಾರನ ಹಣೆಗೆ ಒಂದು ಚಿಟಿಕೆ ಹಚ್ಚಿದ.

"ನನ್ನ ಟಗರು ನಿಂತೈತಿ, ನಿಂದು ಮಲಗೈತಿ. ನೀ ಮುಂದ ಹೋಗ ತಂಗಿ," ಎಂದು ಸರಿದು ಜಾಗ ಬಿಟ್ಟ.

ಡಾಕ್ಟರರು ಎಳೆಯ ವಯಸ್ಸಿನವರು, ಮೈಸೂರು ಕಡೆಯವರು. ಅವರ ಮಾತು ನಮಗೆ ಸಾಲಿ ಪುಸ್ತಕವನ್ನು ಗಟ್ಟಿಯಾಗಿ ಓದಿದಂತೆ ಕೇಳುತ್ತಿತ್ತು. ಅವರು ಸಾವ್ಕಾರನ ತುಟಿ ಎತ್ತಿ ನೋಡಿದರು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಮೂತ್ರದ ಬಣ್ಣ ಕೇಳಿದರು.

"ಏನು ತಿನ್ನಿಸ್ತೀರಮ್ಮ ಇದಕ್ಕೆ?"

ಅತ್ತೆಗೆ ಇದು ತನ್ನ ಜೋಪಾನದ ಪರೀಕ್ಷೆ ಅನ್ನಿಸಿತು. "ಏನೂ ಕಡಿಮಿ ಮಾಡಿಲ್ರಿ ಸಾಹೇಬ್ರ. ಮುಂಜಾನೆ ಚಹಾ, ಮಧ್ಯಾನ್ನ ಜುಣಕಾ ರೊಟ್ಟಿ, ಮ್ಯಾಲ ಕೆನಿ. ಸಂಜಿಕ ಸೂಸಲಾ. ಒಮ್ಮೊಮ್ಮೆ ದ್ರಾಕ್ಷಿ. ಬ್ಯಾನಿ ಬಂದಾಗಿಂದ ಉಳ್ಳಾಗಡ್ಡಿ ರಸಾನೂ ಕುಡಿಸೇನಿ."

ಡಾಕ್ಟರರ ಕೈ ಬೆಕ್ಕಿನ ಬೆನ್ನ ಮೇಲೆ ನಿಂತಿತು. "ಈರುಳ್ಳಿ," ಎಂದರು ತಮಗೆ ತಾವೇ ಹೇಳಿಕೊಂಡಂತೆ. "ಹೌದು, ಇದು ಈರುಳ್ಳಿಯದೇ ಕೆಲಸ."

ಅತ್ತೆ ಸಾಲಿಯ ಮುಖ ಕಂಡವಳಲ್ಲ. ಕೆರೂರು ಮತ್ತು ಇಳಕಲ್ಲಿನ ಆಚೆ ಅವಳಿಗೆ ಊರೂ ಗೊತ್ತಿರಲಿಲ್ಲ, ಮಾತೂ ಗೊತ್ತಿರಲಿಲ್ಲ. ಅವಳು ಮುಖ ಸಣ್ಣದು ಮಾಡಿಕೊಂಡು, "ಈರುಳ್ಳಿ ಅಂದ್ರ ಅಂಟುಬ್ಯಾನಿ ಏನ್ರಿ? ಗುಣ ಆಗತೈತಿಲ್ಲರಿ?" ಎಂದು ಕೇಳಿದಳು.

ಈರುಳ್ಳಿ ಎಂದರೆ ನಮ್ಮ ಉಳ್ಳಾಗಡ್ಡಿ ಎಂದು ಅತ್ತೆಗೆ ಹೇಳಲು ನಾನು ಬಾಯಿ ತೆರೆದೆ. ಪುಸ್ತಕದಲ್ಲಿ ಓದಿದ ಶಬ್ದವೊಂದು ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಅಪ್ಪನ ಕೈ ನನ್ನ ಹೆಗಲ ಮೇಲೆ ಬಿತ್ತು, ಗಟ್ಟಿಯಾಗಿ.

"ಹೂಂ ಗಂಗಾ, ಅದೊಂದು ಬ್ಯಾನಿ," ಎಂದ ಅಪ್ಪ. "ನೀ ಹೊರಗ ನಳದಾಗ ಸ್ವಲ್ಪ ನೀರು ಹಿಡಕೊಂಡ ಬಾ. ಅದಕ್ಕ ಬಾಯಿ ಆರೈತಿ."

ಅತ್ತೆ ಹೋದಳು. ಡಾಕ್ಟರರು ಅಪ್ಪನನ್ನು ವಿಚಿತ್ರವಾಗಿ ನೋಡಿದರು. ಅಪ್ಪ ಅವಸರದಲ್ಲಿ ನಾಲ್ಕು ಮಾತಿನಲ್ಲಿ ಅತ್ತೆಯ ಕತೆ ಹೇಳಿದ. "ತನ್ನ ಕೈಯಿಂದ ಹಿಂಗಾತು ಅಂತ ತಿಳದ್ರ ಆಕಿ ಇನ್ನ ಯಾವ ಜೀವಕ್ಕೂ ತುತ್ತು ಕೊಡಾಕಿಲ್ಲರಿ. ತಾನೂ ಉಣ್ಣಾಕಿಲ್ಲ," ಎಂದ.

ಡಾಕ್ಟರರು ದನಿ ತಗ್ಗಿಸಿದರು. ದನಗಳಲ್ಲಿ ಇದನ್ನು ತಾವು ನೋಡಿರುವುದಾಗಿಯೂ, ಈರುಳ್ಳಿ ಹೆಚ್ಚಾದರೆ ರಕ್ತ ಒಡೆದು ಮೂತ್ರದಲ್ಲಿ ಹೋಗುತ್ತದೆಂದೂ, ಬೆಕ್ಕಿನಂಥ ಸಣ್ಣ ಜೀವಕ್ಕೆ ಸ್ವಲ್ಪವೇ ಸಾಕೆಂದೂ ಹೇಳಿದರು. ಬೆಳ್ಳುಳ್ಳಿ ಅದಕ್ಕಿಂತ ಕೆಟ್ಟದ್ದು. ಬೇಯಿಸಿದರೂ ಒಣಗಿಸಿದರೂ ಅದರ ಗುಣ ಹೋಗುವುದಿಲ್ಲ. ಚಹಾ ಬೇಡ, ದ್ರಾಕ್ಷಿ ಬೇಡ, ಉಪ್ಪು ಖಾರ ಬೇಡ, ಹಾಲು ಕೆನೆ ಕೂಡ ಮಿತಿಯಲ್ಲಿ. ಅಷ್ಟರಲ್ಲಿ ಅತ್ತೆ ನೀರು ತಂದಳು. ಡಾಕ್ಟರರು ಪೆನ್ನು ತಿರುಗಿಸುತ್ತಾ ಹೇಳಿದರು:

"ನೋಡಿ ಅಮ್ಮ, ಔಷಧಿ ಕೊಡ್ತೀನಿ. ಆದರೆ ಈ ಔಷಧಿಗೆ ಪಥ್ಯ ಇದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಹಾ, ದ್ರಾಕ್ಷಿ ಯಾವುದೂ ಕೂಡದು. ಜೀವ ಇರೋವರೆಗೂ ಪಥ್ಯ."

ಈ ಸಲ ಅವರು ನಮ್ಮ ಶಬ್ದಗಳನ್ನೇ ಆರಿಸಿಕೊಂಡಿದ್ದರು. ಪಥ್ಯ ಎಂದರೆ ಅತ್ತೆಗೆ ಗೊತ್ತು. ಔಷಧ ಎಂದ ಮೇಲೆ ಪಥ್ಯ ಇದ್ದೇ ಇರುತ್ತದೆ, ಅದರಲ್ಲಿ ಉಳ್ಳಾಗಡ್ಡಿ ಬಿಡುವುದೂ ಇರುತ್ತದೆ. ಅವಳು ತಲೆಯಾಡಿಸಿದಳು.

"ಮತ್ತೆ ರಕ್ತ ಆಗಬೇಕಲ್ಲ, ಬೇಯಿಸಿದ ಲಿವರ್ ದಿನಾ ಸ್ವಲ್ಪ ಕೊಡಿ."

"ಏನ್ರಿ ಅದು?" ಎಂದು ಕೇಳಿ, ಕುರಿಯ ಪಿತ್ತಕೋಶ ಗಿತ್ತಕೋಶದ ಹತ್ತಿರದ ಮಾಂಸ ಎಂದು ತಿಳಿದ ಮೇಲೆ ಅತ್ತೆ ಹಿಂದೆ ಸರಿದಳು. "ನಾವು ಲಿಂಗಾ ಕಟ್ಟಿಕೊಂಡ ಮಂದಿರಿ ಸಾಹೇಬ್ರ."

"ಬೆಕ್ಕು ಕಟ್ಟಿಕೊಂಡಿಲ್ಲವಲ್ಲಮ್ಮ," ಎಂದರು ಡಾಕ್ಟರರು.

ಮನೆಗೆ ಬಂದ ಸಂಜೆ ಅತ್ತೆ ಹೇಳಿದಳು: "ವೈನಿ, ಸಾವ್ಕಾರನ ಪಥ್ಯ ನಾನೂ ಮಾಡ್ತೇನಿ. ನಮ್ಮಿಬ್ಬರದೂ ತಾಟು ಒಂದ. ನಾ ತಿನ್ನೂದು, ಅದು ಮಾರಿ ನೋಡಕೋತ ಕುಂದ್ರೂದು, ಸರಿ ಅಲ್ಲ." ಒಬ್ಬಳು ಬಿಟ್ಟು ಕೂತಾಗ ಉಳಿದವರು ಹೇಗೆ ತಿನ್ನುವುದು? ಅವ್ವ ಮರುದಿನದಿಂದ ಒಲೆಯ ಮೇಲೆ ಉಳ್ಳಾಗಡ್ಡಿ ಏರಿಸಲಿಲ್ಲ. ಪಡಸಾಲೆಯಲ್ಲಿ ಗುಡ್ಡದಷ್ಟು ಬಿದ್ದಿದೆ, ತಾಟಿನಲ್ಲಿ ಒಂದು ಎಸಳಿಲ್ಲ. ಗುಡ್ಡ ಮೊಳಕೆ ಒಡೆದು ಹಸಿರಾಯಿತು. ಉಳ್ಳಾಗಡ್ಡಿ ಇಲ್ಲದ ಜುಣಕ ಗೋಡೆಗೆ ಮೆತ್ತುವ ಮಣ್ಣಿನಂತಿರುತ್ತದೆ. ನಾನು ಅದನ್ನು ತಿಂದು ಬದುಕಿದ್ದೇನೆ, ಆ ಬಗ್ಗೆ ಯಾರೂ ನನಗೆ ಹಾರ ಹಾಕಿಲ್ಲ.

ಅಪ್ಪನ ಪಾಡು ನನಗಿಂತ ಕಷ್ಟದ್ದು. ಒಂದು ದಿನ ಪೇಟೆಯಿಂದ ಬಂದವನು ಅತ್ತೆಯ ಹತ್ತಿರ ಹಾಯದೆ, ಮಾತನಾಡದೆ, ನೇರ ಮಗ್ಗಕ್ಕೆ ಇಳಿದ. ಅತ್ತೆ ರಾಟಿಯ ಮುಂದಿನಿಂದಲೇ ಹೇಳಿದಳು: "ಅಣ್ಣಾ, ಪ್ಯಾಟ್ಯಾಗ ಉಳ್ಳಾಗಡ್ಡಿ ಹಾಕಿದ ಗಿರಮಿಟ್ಟು ತಿಂದ್ರ ತಿನ್ನು. ಬಾಯಿ ಮುಚಗೊಂಡ ಯಾಕ ಕುಂತಿ?" ಅಪ್ಪನ ಕಿವಿ ಕೆಂಪಾದದ್ದು ಮಗ್ಗದ ಹಣಿಗೆಯ ಈಚೆಗೂ ಕಂಡಿತು. ಸ್ವಲ್ಪ ದಿನದ ಮೇಲೆ ಅತ್ತೆಯೇ ಅವ್ವನಿಗೆ, ನೀವು ಮೂವರು ಉಣ್ಣಿರಿ, ಪಥ್ಯ ನಮ್ಮಿಬ್ಬರದು ಎಂದು ಅಪ್ಪಣೆ ಕೊಟ್ಟಳು.

ಲಿವರಿನ ಕೆಲಸವನ್ನು ಗೋಡೆಯಾಚೆಯ ಮಮ್ತಾಜ್ ಚಾಚಿ ವಹಿಸಿಕೊಂಡರು. ಅವರಿಗೆ ಅಪ್ಪ ನಿಜ ಹೇಳಿದ್ದ. ಚಾಚಿ ಉಪ್ಪಿಲ್ಲದೆ, ಮಸಾಲೆಯಿಲ್ಲದೆ ಬೇರೆ ಗಡಿಗೆಯಲ್ಲಿ ಬೇಯಿಸಿ ಇಡುತ್ತಿದ್ದರು. ಅತ್ತೆ ಸಾವ್ಕಾರನನ್ನು ಎತ್ತಿಕೊಂಡು ಹೋಗಿ, ಚಾಚಿಯ ಹೊಸ್ತಿಲಲ್ಲಿ ಇಳಿಸಿ, ತಾನು ಬೀದಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ದಿನ ಕಳೆದಂತೆ ಮುಖ ಸ್ವಲ್ಪ ಸ್ವಲ್ಪ ಒಳಗೆ ತಿರುಗಿತು. "ಎಷ್ಟ್ ತಿಂದ್ನರಿ ಚಾಚಿ?" ಎಂಬ ಒಂದೇ ಮಾತು, ಆಮೇಲೆ ಚಾಚಿಯ ಸೊಸೆಯ ಬಾಣಂತನ, ಚಾಚಿಯ ಮಂಡಿನೋವು, ಕೆರೂರಿನ ಕತೆ ಎಲ್ಲಕ್ಕೂ ಬೆಳೆಯಿತು. ನಮ್ಮ ಅತ್ತೆಗೆ ಗೆಳತಿ ಎಂಬುವವರು ಸಿಕ್ಕಿದ್ದು ಹೀಗೆ.

ವಸಡಿಗೆ ಬಣ್ಣ ಬಂತು. ಉಚ್ಚೆ ತಿಳಿಯಾಯಿತು. ಒಂದು ಮುಂಜಾನೆ ಸಾವ್ಕಾರ ತಗ್ಗಿನಿಂದ ಹಾರಿ ನೇರ ಮಗ್ಗದ ಮೇಲೆ ಬಿದ್ದು, ಬಿಗಿದ ಎಳೆಗಳನ್ನು ಪಟಪಟನೆ ಹರಿದ. ಬೇರೆ ದಿನವಾಗಿದ್ದರೆ ಅಪ್ಪ ಲಾಳಿಯಿಂದ ಹೊಡೆಯುತ್ತಿದ್ದ. ಆ ದಿನ ಹರಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತಾ, "ಗಂಗಾ, ನಿನ್ನ ಸಾವ್ಕಾರ ಗಟ್ಟಿ ಆದ ನೋಡ," ಎಂದ. ಅತ್ತೆ ಬಂದು, ಬೆಕ್ಕನ್ನು ಎತ್ತಿಕೊಂಡು, ತನ್ನ ಬಲಗೈಯನ್ನು ಅದರ ಮೈಮೇಲೆ ಇಟ್ಟು ನಿಂತಳು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಅದನ್ನು ಆ ಹುಡುಗಿ ಬಸ್ಸು ಹತ್ತುವುದರೊಳಗೆ ಹೇಳಿ ಮುಗಿಸುತ್ತಿದ್ದೆ. ವರ್ಷಗಳು ಹೋದವು. ನಾನು ಬಾಗಲಕೋಟೆಯ ಕಾಲೇಜು ಸೇರಿದೆ. ಸಾವ್ಕಾರನಿಗೆ ಮೂತಿಯ ಸುತ್ತ ನರೆ ಬಂತು. ಅತ್ತೆ ಆ ಪಥ್ಯವನ್ನು ಬಿಡಲಿಲ್ಲ. ಅವಳ ಮಟ್ಟಿಗೆ ಲೋಕದಲ್ಲಿ ಈರುಳ್ಳಿ ಎಂಬ ಕೆಟ್ಟ ರೋಗವಿತ್ತು, ಅದು ನಮ್ಮ ಮನೆಗೆ ಬಂದು ಹೋಗಿತ್ತು. ನಾವು ಯಾರೂ ಅವಳನ್ನು ತಿದ್ದಲಿಲ್ಲ.

ಆಗ ನಮ್ಮ ಎದುರು ಮನೆಗೆ ಬ್ಯಾಂಕಿನ ನೌಕರರೊಬ್ಬರು ಬಾಡಿಗೆಗೆ ಬಂದರು. ಅವರ ಹೆಂಡತಿ ಮಂಡ್ಯದ ಕಡೆಯ ಹುಡುಗಿ, ಹೊಸತಾಗಿ ಮದುವೆಯಾದವಳು. ನಾನು ರಜೆಗೆ ಬಂದಿದ್ದ ಒಂದು ಮಧ್ಯಾಹ್ನ ಅವಳು ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದು ಸಂಕೋಚದಿಂದ ನಿಂತಳು. ಅತ್ತೆ ಹೊಸ್ತಿಲ ಹತ್ತಿರ ಕೂತಿದ್ದಳು, ತೊಡೆಯ ಮೇಲೆ ಸಾವ್ಕಾರ.

"ಅಮ್ಮ, ಎರಡು ಈರುಳ್ಳಿ ಇದ್ದರೆ ಕೊಡ್ತೀರಾ?"

ಅತ್ತೆ ಸಾವ್ಕಾರನನ್ನು ಎದೆಗೆ ಅವುಚಿಕೊಂಡಳು. "ಯಾಕವಾ, ನಿಮ್ಮ ಮನಿಗೂ ಬಂತೇನು ಅದು?"

"ಇಲ್ಲ, ನಮ್ಮಲ್ಲಿ ಖಾಲಿ ಆಗಿದೆ."

"ವಾಸಿ ಆತೇನು ಹಂಗಾರ?"

ಹುಡುಗಿ ಗಲಿಬಿಲಿಯಾಗಿ ನನ್ನ ಕಡೆ ನೋಡಿದಳು. ನಾನು ಎದ್ದು ಬರುವುದರೊಳಗೆ ಅವಳು ಗೋಡೆಯ ಬದಿಯ ಬುಟ್ಟಿಗೆ ಬೆರಳು ತೋರಿಸಿ, "ಅದೇ ಅಮ್ಮ, ಅಲ್ಲಿದೆಯಲ್ಲ, ಈರುಳ್ಳಿ," ಎಂದುಬಿಟ್ಟಳು.

ಬುಟ್ಟಿಯಲ್ಲಿದ್ದದ್ದು ಉಳ್ಳಾಗಡ್ಡಿ. ಅತ್ತೆ ಬುಟ್ಟಿ ನೋಡಿದಳು, ಹುಡುಗಿಯನ್ನು ನೋಡಿದಳು. ಎದ್ದು ಹೋಗಿ ಅವಳ ಬಟ್ಟಲು ತುಂಬ ಗಡ್ಡೆ ಹಾಕಿ ಕಳಿಸಿದಳು. ಆಮೇಲೆ ಮಗ್ಗದ ಮುಂದೆ ಬಂದು ನಿಂತಳು. ಲಾಳಿಯ ಸದ್ದು ಮೊದಲೇ ನಿಂತಿತ್ತು.

"ಅಣ್ಣಾ, ನಿನಗ ಗೊತ್ತಿತ್ತೇನು?"

"ಹೂಂ."

"ಚಾಚಿಗೆ?"

"ಹೂಂ."

"ಶಾಂತಾಗ?"

ಶಾಂತಾ ಎಂದರೆ ನಾನೇ. ತಲೆ ತಗ್ಗಿಸಿದೆ. ಅಪ್ಪ ತಗ್ಗಿನೊಳಗಿನಿಂದಲೇ ಹೇಳಿದ: "ನಿನ್ನ ಕೈ ಬಗ್ಗೆ ನೀ ಮತ್ತ ಏನರ ಅನಕೋತಿ ಅಂತ ಹೇಳಲಿಲ್ಲವಾ. ಒಮ್ಮೆ ಅನಕೊಂಡಿದ್ದ ಸಾಕಿತ್ತು."

ಅತ್ತೆ ಅಲ್ಲೇ ನೆಲಕ್ಕೆ ಕೂತಳು. ಅವಳು ಅಳುತ್ತಾಳೆಂದು ನಾವು ಕಾದೆವು. ಅವಳು ಬೇರೇನನ್ನೋ ನೆನಪು ಮಾಡಿಕೊಳ್ಳುತ್ತಿದ್ದಳು. ಆಮೇಲೆ ಕೇಳಿದಳು: "ದನಕ್ಕೂ ಹಂಗ ಆಗತೈತೇನು, ಅಣ್ಣಾ? ಕೆಂಪಗ ಉಚ್ಚಿ?"

"ಆಗತೈತಿ ಅಂತ ಡಾಕ್ಟರ ಹೇಳಿದ್ರು."

"ಆ ಮನ್ಯಾಗ ಅಟ್ಟದ ಮ್ಯಾಲಿನ ಉಳ್ಳಾಗಡ್ಡಿ ಕೊಳತಿದ್ವು. ಒಗದ್ರ ಹಾಳ ಆಗತಾವು, ಕರದ ಗ್ವಾದಲಿಗೆ ಹಾಕ ಅಂದ್ಲು ಅತ್ತಿ. ದಿನಾ ಒಂದ ಬುಟ್ಟಿ ಹಾಕ್ತಿದ್ದೆ. ಕರು ಕರೇ ಚಹಾದಂಗ ಉಚ್ಚಿ ಹೊಯ್ದು ಹೊಯ್ದು ಸತ್ತಿತು." ಅವಳು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಹಂಗಾರ ಅದು ಉಳ್ಳಾಗಡ್ಡಿ ಅಣ್ಣಾ. ನನ್ನ ಕೈ ಅಲ್ಲ."

ನಿಜ ಹೇಳಿದರೆ ಅವಳು ಮುರಿದು ಹೋಗುತ್ತಾಳೆಂದು ನಾವು ವರ್ಷಗಟ್ಟಲೆ ಮುಚ್ಚಿಟ್ಟಿದ್ದೆವು. ಆ ಮಾತೇ ಅವಳ ಎದೆಯ ಮೇಲಿನ ಕಲ್ಲನ್ನು ಎತ್ತಿ ಆಚೆಗಿಟ್ಟಿತ್ತು. ಆ ಸಂಜೆ ಊಟಕ್ಕೆ ಕೂತಾಗ ಅತ್ತೆ ಎರಡು ತಾಟು ಇಡಿಸಿದಳು. ಒಂದರಲ್ಲಿ ಸಾವ್ಕಾರನಿಗೆ ಸಪ್ಪೆ ಅನ್ನ. ಇನ್ನೊಂದರ ಬದಿಗೆ ಒಂದು ಗಡ್ಡೆ ಇಟ್ಟು, ಅಪ್ಪನಿಗಿಂತ ಜೋರಾಗಿ ಗುದ್ದಿ, ರೊಟ್ಟಿಯ ಜೊತೆ ಕರಕರ ತಿಂದಳು. ಅವಳ ಕಣ್ಣಿನಿಂದ ನೀರಿಳಿಯಿತು. ಉಳ್ಳಾಗಡ್ಡಿಯ ಖಾರಕ್ಕೆ ಎಂದು ನಾವೂ ಅಂದುಕೊಂಡೆವು.

ಅದೇ ತಿಂಗಳು ಚಾಚಿಯ ಮನೆಯ ಆಡು ಮರಿ ಹಾಕಿ, ಕೆಚ್ಚಲಲ್ಲಿ ಹಾಲಿಲ್ಲದೆ ಮರಿಯನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮರಿ ನಿಲ್ಲಲಾರದೆ ಮಡಚಿ ಬೀಳುತ್ತಿತ್ತು. ಇಷ್ಟು ವರ್ಷ ಅತ್ತೆ ಸಾವ್ಕಾರನೊಬ್ಬನನ್ನು ಬಿಟ್ಟು ಬೇರೆಯವರ ಕರು, ಮರಿ, ಕೂಸು ಯಾವುದನ್ನೂ ಮುಟ್ಟಿದವಳಲ್ಲ. ಬಾಣಂತಿಯನ್ನು ಮಾತನಾಡಿಸಲು ಹೋದರೂ ಹೊರಬಾಗಿಲಲ್ಲಿ ನಿಂತು ಬರುವವಳು. ಅವತ್ತು ಯಾರೂ ಕರೆಯದೆ ಚಾಚಿಯ ಹಿತ್ತಲಿಗೆ ನಡೆದಳು. ಒದ್ದೆ ಮರಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, ಹತ್ತಿಯ ಬತ್ತಿ ಹೊಸೆದು ಕೈಯಲ್ಲಿ ಹಿಡಿದಳು. ಚಾಚಿ ಹಾಲಿನ ಬಟ್ಟಲು ಮುಂದಿಟ್ಟು, ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಎಂದು ಹೇಳಲು ಹೊರಟರು. ಅತ್ತೆ ತಡೆದಳು.

"ಏನು ಕೊಡಬೇಕು ಅಂತ ಆಮ್ಯಾಲ ಹೇಳ್ರಿ ಚಾಚಿ. ಈ ಜೀವಕ್ಕ ಏನು ಕೊಡಬಾರದು ಅಂತ ಮೊದಲ ಹೇಳ್ರಿ."

ಚಾಚಿ ತಮಗೆ ಗೊತ್ತಿದ್ದಷ್ಟನ್ನೂ ಹೇಳಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು, ಬತ್ತಿಯನ್ನು ಹಾಲಿನಲ್ಲಿ ಅದ್ದಿ, ತನ್ನ ಕೈಯಿಂದಲೇ ಮರಿಯ ಬಾಯಿಗಿಟ್ಟಳು.